'ರಿಫ್ರೇನ್' ಬಗ್ಗೆ ಎಲ್ಲರ ಗಮನಕ್ಕೆ
ಗೆಳೆಯರೇ, ಗುಂಪಿನ ನಿಯಮಗಳಲ್ಲಿ 'ಪ್ಲೀಸ್ ರಿಫ್ರೇನ್ ಫ್ರಮ್ ಫಾರ್ವರ್ಡಿಂಗ್' ಅಂತ ಇದೆಯಲ್ಲ, ಆ ಪದದ ಬಗ್ಗೆ ಕೆಲವರು ಕೇಳಿದ್ದರು. ಒಬ್ಬೊಬ್ಬರಿಗೆ ಬರೆಯೋದಕ್ಕಿಂತ ಇಲ್ಲೇ ಹಾಕುತ್ತಿದ್ದೇನೆ.

ಅರ್ಥ ಸರಳ. ಏನೋ ಮಾಡಬೇಕು ಅನಿಸಿದರೂ ನಮ್ಮನ್ನು ನಾವೇ ತಡೆದುಕೊಳ್ಳುವುದು. ಮಜಾ ಇರೋದು ಮೂಲದಲ್ಲಿ. ಲ್ಯಾಟಿನ್‌ನಲ್ಲಿ 'ಫ್ರೇನುಮ್' ಅಂದರೆ ಕುದುರೆಯ ಕಡಿವಾಣ, ಅದರಿಂದ ಹುಟ್ಟಿದ 'ರೆಫ್ರೇನಾರೆ' ಅಂದರೆ ಕಡಿವಾಣ ಎಳೆದು ಹಿಡಿಯುವುದು, ಅದೇ ಹಳೆಯ ಫ್ರೆಂಚ್ ದಾಟಿಕೊಂಡು 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಈಗಲೂ ಫ್ರೆಂಚರು ಗಾಡಿಯ ಬ್ರೇಕಿಗೆ ಹೇಳುವ ಪದ ಇದೇ ಬೇರಿನದು. ನಾವೂ 'ನಾಲಿಗೆಗೆ ಕಡಿವಾಣ ಹಾಕು' ಅಂತೀವಿ, ಅಲ್ವಾ?

ಹಾಡಿನ ಪಲ್ಲವಿಗೂ ಇಂಗ್ಲಿಷಿನಲ್ಲಿ ರಿಫ್ರೇನ್ ಅಂತಾರೆ. ಸ್ಪೆಲಿಂಗ್ ಒಂದೇ, ಆದರೆ ನಂಟಿಲ್ಲ. ಅದು ಬಂದದ್ದು 'ಮುರಿ' ಎಂಬ ಅರ್ಥದ 'ಫ್ರಾಂಗೆರೆ'ಯಿಂದ. ಮೂಳೆ ಫ್ರ್ಯಾಕ್ಚರ್ ಆಗೋದೂ ಅಲ್ಲಿಂದಲೇ!

ಬಳಸುವಾಗ ಜಾಸ್ತಿ ಎಡವೋದು ಎರಡು ಕಡೆ. 'ರಿಫ್ರೇನ್ ಟು ಸ್ಮೋಕ್' ಅನ್ನಬೇಡಿ, 'ರಿಫ್ರೇನ್ ಫ್ರಮ್ ಸ್ಮೋಕಿಂಗ್' ಅನ್ನಿ. ಇನ್ನು, ಬೇರೆಯವರನ್ನು ಹಿಡಿದು ನಿಲ್ಲಿಸುವುದಕ್ಕೆ 'ರಿಸ್ಟ್ರೇನ್' ಬೇಕು. ಅದರ ಮೂಲ 'ಬಿಗಿದು ಕಟ್ಟು' ಅಂತ. ಜಗಳಕ್ಕೆ ಹೊರಟವನನ್ನು ಪಕ್ಕದವರು ರಿಸ್ಟ್ರೇನ್ ಮಾಡ್ತಾರೆ, ಅವನೇ ಸುಮ್ಮನಾದರೆ ಅದು ರಿಫ್ರೇನ್.

ಉದಾಹರಣೆ ಹಾಕುವವರು ಇದೇ ಮೆಸೇಜಿಗೆ ರಿಪ್ಲೈ ಮಾಡಿ.