ತಪ್ಪು ಇಂಗ್ಲಿಷ್ ಬಿಡಿ, ನುಣುಚಿಕೊಳ್ಳುವ ಇಂಗ್ಲಿಷ್ ನೋಡಿ

ಸಂಪಾದಕರಿಗೆ,
ನಮಸ್ಕಾರ.

ಕೇಳಿದರೆ ಮೈ ಉರಿಯುವ ಇಂಗ್ಲಿಷ್ ಮಾತುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರಗಳನ್ನು ಓದಿದೆ. 'ರಿಟರ್ನ್ ಬ್ಯಾಕ್', 'ಡಿಸ್ಕಸ್ ಅಬೌಟ್', 'ಪಿನ್ ನಂಬರ್', 'ಎಟಿಎಂ ಮಷೀನ್' ಅಂತ ಪಟ್ಟಿ ಉದ್ದವಾಗಿಯೇ ಇದೆ. ಎಟಿಎಂನಲ್ಲೇ ಒಂದು ಮಷೀನ್ ಇರುವಾಗ ಇನ್ನೊಂದು ಯಾಕೆ ಅನ್ನುವುದು ಸರಿಯಾದ ಪ್ರಶ್ನೆಯೇ. ಆದರೂ ಸಿಟ್ಟು ಪಾಪದವರ ಮೇಲೆ ಹೋಗುತ್ತಿದೆ ಅನ್ನಿಸಿತು. ಎಟಿಎಂ ಮಷೀನ್ ಎಲ್ಲಿದೆ ಅಂತ ಕೇಳಿದವನ ಮಾತು ನಮಗೆ ಅರ್ಥವಾಗುತ್ತದೆ. ದಾರಿ ತೋರಿಸುತ್ತೇವೆ, ಅವನು ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಯಾರಿಗೂ ನಷ್ಟವಿಲ್ಲ.

ನನ್ನ ತಲೆ ಕೆಡಿಸುವುದು ವ್ಯಾಕರಣದಲ್ಲಿ ಒಂದು ಚೂರೂ ತಪ್ಪಿಲ್ಲದ ಇಂಗ್ಲಿಷ್.

ದುಡ್ಡು ಕಟ್ಟಿದ್ದೀರಿ, ಕೆಲಸ ಆಗಿಲ್ಲ ಅಂತಿಟ್ಟುಕೊಳ್ಳಿ. ಏನಾಯ್ತು ಕೇಳೋಣ ಅಂತ ಗ್ರಾಹಕ ಸೇವೆಗೆ ಫೋನ್ ಮಾಡುತ್ತೀರಿ. ಭಾಷೆಗೆ ಒಂದು ಒತ್ತಿ, ಖಾತೆಗೆ ಎರಡು ಒತ್ತಿ, ದೂರಿಗೆ ಇನ್ನೊಂದು ಒತ್ತಿ. ಆಮೇಲೆ ಸಂಗೀತ. ಸ್ವಲ್ಪ ಹೊತ್ತಿಗೆ ಸಂಗೀತ ನಿಲ್ಲುತ್ತದೆ. ಸದ್ಯ, ಯಾರೋ ಎತ್ತಿದರು ಅಂತ ಗಂಟಲು ಸರಿ ಮಾಡಿಕೊಂಡು 'ಹಲೋ' ಅನ್ನುತ್ತೀರಿ. ಆ ಕಡೆ ರೆಕಾರ್ಡ್ ಮಾಡಿಟ್ಟ ದನಿ: 'ಯುವರ್ ಕಾಲ್ ಈಸ್ ಇಂಪಾರ್ಟೆಂಟ್ ಟು ಅಸ್'. ಮತ್ತೆ ಸಂಗೀತ. ನನ್ನ ಕರೆ ಅಷ್ಟು ಮುಖ್ಯವಾಗಿದ್ದರೆ ಎತ್ತಬಹುದಿತ್ತು, ಅಲ್ವಾ? ಇದರ ಜೊತೆಗೇ ಬರುವ ಇನ್ನೊಂದು ಮಾತು, ಈಗ ಎಂದಿಗಿಂತ ಜಾಸ್ತಿ ಕರೆಗಳು ಬರುತ್ತಿವೆ ಅನ್ನುವುದು. ಬೆಳಗ್ಗೆ ಮಾಡಿದರೂ ಇದೇ, ರಾತ್ರಿ ಮಾಡಿದರೂ ಇದೇ. ವರ್ಷವಿಡೀ ಮಾಮೂಲಿಗಿಂತ ಜಾಸ್ತಿ ಬರುತ್ತಿದ್ದರೆ ಅದೇ ಮಾಮೂಲಿ ಆಯಿತಲ್ಲ! ಫೋನ್ ಎತ್ತಲು ಜನ ಸಾಲದು ಅಂತ ಹೇಳುವ ಬದಲು, ಫೋನ್ ಮಾಡಿದ ನಮ್ಮದೇ ತಪ್ಪು ಅನ್ನುವ ಹಾಗೆ ಹೇಳುತ್ತಾರೆ.

ಕೊನೆಗೆ ಒಂದು ಮೆಸೇಜ್ ಬರುತ್ತದೆ: 'ವಿ ಅಪಾಲಜೈಸ್ ಫಾರ್ ಎನಿ ಇನ್‌ಕನ್ವೀನಿಯನ್ಸ್ ಕಾಸ್ಡ್'. ಈ ವಾಕ್ಯವನ್ನು ನಿಧಾನವಾಗಿ ಓದಿ. 'ಎನಿ' ಅಂದರೆ ತೊಂದರೆ ಆಗಿದ್ದರೂ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ನಮಗಂತೂ ಗೊತ್ತಿಲ್ಲ. 'ಕಾಸ್ಡ್' ಅಂದರೆ ಉಂಟಾಯಿತು. ಯಾರಿಂದ? ಹೇಳುವುದಿಲ್ಲ. ಕ್ಷಮೆ ಕೇಳಿದ ಹಾಗೂ ಆಯಿತು, ತಪ್ಪು ಒಪ್ಪಿಕೊಳ್ಳದ ಹಾಗೂ ಆಯಿತು. ಇದರ ತಮ್ಮನೇ 'ಐ ಆಮ್ ಸಾರಿ ಯು ಫೀಲ್ ದಟ್ ವೇ'. ನಿನಗೆ ಹಾಗನ್ನಿಸಿದ್ದಕ್ಕೆ ನನಗೆ ಬೇಜಾರು, ನಾನು ಮಾಡಿದ್ದಕ್ಕಲ್ಲ ಅಂತ.

ದೊಡ್ಡವರು ಈ ವಿದ್ಯೆಯಲ್ಲಿ ಇನ್ನೂ ಪಳಗಿದವರು. 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಇರಾನ್‌ಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ಮಾತಾಡುತ್ತಾ, ಗಂಭೀರ ತಪ್ಪುಗಳು ನಡೆದವು ಅಂದರು. 'ಮಿಸ್ಟೇಕ್ಸ್ ವರ್ ಮೇಡ್' ಅನ್ನುವ ಮಾತು ಅದಕ್ಕೂ ಹಿಂದಿನದು, ಆದರೆ ಆಮೇಲೆ ಅದು ರಾಜಕಾರಣಿಗಳ ಗೇಲಿಗೇ ಮೀಸಲಾಯಿತು. ತಪ್ಪುಗಳು ತಾವಾಗಿಯೇ ನಡೆದುಕೊಂಡು ಬಂದು ಅರಮನೆಯೊಳಗೆ ಕೂತವಂತೆ. ನಮ್ಮ 'ತಪ್ಪಾಯ್ತು' ಅನ್ನುವುದರಲ್ಲೂ ಯಾರು ಮಾಡಿದ್ದು ಅಂತ ಇಲ್ಲ, ನಿಜ. ಆದರೆ ಹಾಗಂದವನು ತಲೆ ತಗ್ಗಿಸಿಯೇ ಅನ್ನುತ್ತಾನೆ, ಇನ್ಯಾರದೋ ತಪ್ಪು ಅಂತ ಯಾರೂ ತಿಳಿಯುವುದಿಲ್ಲ.

ಕೆಲಸದಿಂದ ತೆಗೆಯುವ ಇಂಗ್ಲಿಷ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಲು ತೆಗೆದುಹಾಕಿದೆವು ಅನ್ನುತ್ತಿದ್ದರು. ಆಮೇಲೆ 'ಡೌನ್‌ಸೈಸಿಂಗ್' ಬಂತು. ಅದರಲ್ಲಿ 'ಡೌನ್' ಇದೆಯಲ್ಲ ಅಂತ ಮುಜುಗರವಾಗಿ 'ರೈಟ್‌ಸೈಸಿಂಗ್' ಮಾಡಿಕೊಂಡರು. ಅಂದರೆ ಇಷ್ಟು ದಿನ ಇದ್ದ ಗಾತ್ರವೇ ತಪ್ಪು, ಈಗ ಸರಿ ಮಾಡುತ್ತಿದ್ದೇವೆ ಅಂತ. ಮನೆ ಕಂತು, ಮಕ್ಕಳ ಫೀಸು ಎಲ್ಲ ಹೊತ್ತುಕೊಂಡವನನ್ನು ಎದುರು ಕೂರಿಸಿಕೊಂಡು 'ವಿ ಹ್ಯಾವ್ ಟು ಲೆಟ್ ಯು ಗೋ' ಅನ್ನುತ್ತಾರೆ. ಹಗ್ಗ ಜಗ್ಗುತ್ತಿದ್ದ ದನವನ್ನು ಕನಿಕರಪಟ್ಟು ಬಿಚ್ಚಿಬಿಟ್ಟ ಹಾಗೆ. ಹೋಗುತ್ತೇನೆ ಅಂತ ಅವನೆಲ್ಲಿ ಕೇಳಿದ್ದ?

ಇಂಥ ನುಣುಪಾದ ಮಾತು ಯುದ್ಧಕ್ಕೂ ಒದಗುತ್ತದೆ. ಬಾಂಬ್ ಬಿದ್ದು ಊರಿನವರು ಸತ್ತರೆ 'ಕೊಲ್ಯಾಟರಲ್ ಡ್ಯಾಮೇಜ್'. ರಕ್ಷಣೆಯಿಲ್ಲದ ಹಳ್ಳಿಗಳ ಮೇಲೆ ಬಾಂಬ್ ಹಾಕಿ ಅದನ್ನು ಶಾಂತಿ ಸ್ಥಾಪನೆ ಅನ್ನುತ್ತಾರೆ ಅಂತ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲೇ ಬರೆದಿದ್ದರು. ಅಷ್ಟು ದೂರ ಹೋಗುವುದು ಬೇಡ, ಆಫೀಸಿಗೇ ಬರೋಣ.

ಮೀಟಿಂಗಿನಲ್ಲಿ ಒಬ್ಬರು, ಇದು ಯಾಕೆ ತಡವಾಯಿತು ಅಂತ ಕೇಳುತ್ತಾರೆ. ನೇರವಾದ ಪ್ರಶ್ನೆ. 'ಗುಡ್ ಕ್ವೆಶ್ಚನ್, ಲೆಟ್ಸ್ ಟೇಕ್ ಇಟ್ ಆಫ್‌ಲೈನ್', ಅಂದರೆ ಮೀಟಿಂಗ್ ಮುಗಿದ ಮೇಲೆ ಬೇರೆ ಮಾತಾಡೋಣ ಅಂತ ಉತ್ತರ ಬರುತ್ತದೆ. ಆ ಆಫ್‌ಲೈನ್ ಅನ್ನುವ ಜಾಗಕ್ಕೆ ಹೋದ ಪ್ರಶ್ನೆ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಪಟ್ಟು ಹಿಡಿದು ಮತ್ತೆ ಕೇಳಿದರೆ 'ಗೋಯಿಂಗ್ ಫಾರ್ವರ್ಡ್, ವಿ ವಿಲ್ ಡೂ ಬೆಟರ್'. ಇನ್ನು ಮುಂದೆ ಅನ್ನುವುದಕ್ಕೆ 'ಫ್ರಮ್ ನೌ ಆನ್' ಅಂದರೆ ಸಾಕಾಗಿತ್ತು. ಆದರೆ 'ಗೋಯಿಂಗ್ ಫಾರ್ವರ್ಡ್' ಅಂದಾಗ ಎಲ್ಲರೂ ಮುಂದಕ್ಕೆ ಹೊರಟೇಬಿಟ್ಟಿರುತ್ತಾರೆ, ಹಿಂದೆ ಏನಾಯ್ತು ಅಂತ ಕೇಳುವವನೇ ಅಡ್ಡಗಾಲು ಹಾಕಿದ ಹಾಗೆ ಕಾಣುತ್ತಾನೆ. ಇನ್ನು ಇಮೇಲಿನ 'ಜೆಂಟಲ್ ರಿಮೈಂಡರ್'. ಮೊದಲ ಸಲ ನಿಜಕ್ಕೂ ಜೆಂಟಲ್. ಮೂರನೆಯ ಸಲಕ್ಕೆ ಸಿಸಿಯಲ್ಲಿ ಮೇಲಧಿಕಾರಿ ಕೂತಿರುತ್ತಾರೆ, ಮೇಲುಗಡೆ ಜೆಂಟಲ್ ಮಾತ್ರ ಹಾಗೇ ಇರುತ್ತದೆ. 'ವಿತ್ ಆಲ್ ಡ್ಯೂ ರೆಸ್ಪೆಕ್ಟ್' ಅಂತ ಶುರುವಾದರೆ ಮರ್ಯಾದೆ ಅಲ್ಲಿಗೆ ಮುಗಿಯಿತು ಅಂತ ಎಲ್ಲರಿಗೂ ಗೊತ್ತು.

ಇದೆಲ್ಲ ನನ್ನೊಬ್ಬನ ಗೊಣಗಾಟ ಅಲ್ಲ. ಬ್ರಿಟನ್ನಿನಲ್ಲಿ 1979ರಿಂದ ಪ್ಲೇನ್ ಇಂಗ್ಲಿಷ್ ಕ್ಯಾಂಪೇನ್ ಅನ್ನುವ ಸಂಸ್ಥೆ ಇದೆ. ಕಡತದ ಗೋಜಲು ಭಾಷೆಯ ವಿರುದ್ಧ ಹೋರಾಡುವುದೇ ಅದರ ಕೆಲಸ. ಅತಿ ಕಿರಿಕಿರಿಯ ಮಾತು ಯಾವುದು ಅಂತ 2004ರಲ್ಲಿ ಅದು ತನ್ನ ಬೆಂಬಲಿಗರನ್ನು ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು 'ಅಟ್ ದ ಎಂಡ್ ಆಫ್ ದ ಡೇ'ಗೆ. ಈಗ ಕೆಲವರು ಕನ್ನಡದಲ್ಲಿ ಮಾತಾಡುವಾಗಲೂ 'ದಿನದ ಕೊನೆಯಲ್ಲಿ' ಅನ್ನುತ್ತಾರೆ. ಬೆಳಗ್ಗೆ ಹತ್ತಕ್ಕೇ! ಕಡೆಗೆ, ಕೊನೆಗೂ, ಹೇಗೇ ನೋಡಿದರೂ ಅಂತ ನಮ್ಮಲ್ಲಿ ಮಾತಿಗೆ ಬರವೇ? ಅಮೆರಿಕದ ಮ್ಯಾರಿಸ್ಟ್ ಕಾಲೇಜಿನವರು 2009ರಲ್ಲಿ ಇದೇ ಪ್ರಶ್ನೆ ಕೇಳಿದಾಗ ಶೇ 47 ಮಂದಿ 'ವಾಟೆವರ್' ಅಂದರು, ಏನಾದರೂ ಆಗಲಿ ಬಿಡು ಅನ್ನುವ ಮಾತು. ಅದು ಯಾಕೆ ಅಂತ ಬೇರೆ ವಿವರಿಸಬೇಕಿಲ್ಲ. ಅರ್ಧ ಗಂಟೆ ಹೇಳಿದ್ದನ್ನೆಲ್ಲ ಆ ಒಂದು ಮಾತು ಕಸಕ್ಕೆ ಹಾಕುತ್ತದೆ.

ಆದರೆ ಹೊಸ ಮಾತೆಲ್ಲ ಕೆಟ್ಟದ್ದು ಅನ್ನುವವರ ಜೊತೆ ನಾನಿಲ್ಲ. ಹಾಗೆ ಸಿಟ್ಟು ಮಾಡಿಕೊಂಡ ಘಟಾನುಘಟಿಗಳೆಲ್ಲ ಸೋತಿದ್ದಾರೆ. ಲೇಖಕ ಜೊನಾಥನ್ ಸ್ವಿಫ್ಟ್ 1710ರಲ್ಲಿ, ಜನರ ಗುಂಪಿಗೆ ಹೇಳುವ 'ಮಾಬ್' ಅನ್ನುವ ಪದದ ಮೇಲೆ ಹರಿಹಾಯ್ದರು, ಲ್ಯಾಟಿನ್ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದಾರೆ ಅಂತ. ಬೆಂಜಮಿನ್ ಫ್ರಾಂಕ್ಲಿನ್ 1789ರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಪತ್ರ ಬರೆದು, 'ನೋಟಿಸ್', 'ಪ್ರೋಗ್ರೆಸ್' ಇವನ್ನೆಲ್ಲ ಕ್ರಿಯಾಪದ ಮಾಡಿಕೊಂಡಿದ್ದಾರೆ, ತಡೆಯಿರಿ ಅಂತ ಕೇಳಿಕೊಂಡರು. ಇವತ್ತು ಆ ಮಾತುಗಳನ್ನು ಕೇಳಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಅಕ್ಷರಶಃ ಅನ್ನುವ ಅರ್ಥದ 'ಲಿಟರಲಿ'ಯದೂ ಅದೇ ಕತೆ. ನಕ್ಕು ನಕ್ಕು ಲಿಟರಲಿ ಸತ್ತೇಹೋದೆ ಅನ್ನುವವರನ್ನು ಕಂಡರೆ ನಿಮ್ಮ ಒಬ್ಬ ಓದುಗರಿಗೆ ಕೋಪ. ಆದರೆ ಡಿಕನ್ಸ್, ಮಾರ್ಕ್ ಟ್ವೇನ್ ಥರದವರೇ ಆ ಪದವನ್ನು ಹಾಗೆ ಬಳಸಿದ್ದಾರೆ. ಸತ್ತೇಹೋದೆ ಅಂದವನು ಎದುರಿಗೇ ನಿಂತಿರುವಾಗ ಮೋಸ ಹೋಗುವವರು ಯಾರು? 'ಥ್ಯಾಂಕ್ಯೂ'ಗೆ ಹುಡುಗರು 'ನೋ ಪ್ರಾಬ್ಲಂ' ಅಂದರೂ ನನಗೆ ಬೇಜಾರಿಲ್ಲ. ಮಾತಿನ ಮಧ್ಯೆ 'ಲೈಕ್', 'ಬೇಸಿಕಲಿ', 'ಯು ನೋ' ಅಂತ ಸುಮ್ನೆ ತುಂಬುತ್ತಾ ಹೋಗುವುದು ಮುಂದಿನ ಮಾತು ಹುಡುಕಿಕೊಳ್ಳಲು. ನಾವು 'ಅದೇನಪ್ಪಾ ಅಂದ್ರೆ' ಅನ್ನುವುದಿಲ್ಲವೇ?

ಹಾಗಾಗಿ ಈ ಪಟ್ಟಿಯನ್ನು ಎರಡು ಮಾಡಿ ಅಂತ ನನ್ನ ಕೇಳಿಕೆ. ಕಲಿಯುತ್ತಾ ತಡವರಿಸುವವರ, ಅಭ್ಯಾಸಬಲದಿಂದ ಆಡುವವರ ಮಾತು ಒಂದು ಕಡೆ ಇರಲಿ. ಅದನ್ನು ನೋಡಿ ನಕ್ಕರೆ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ ಅಷ್ಟೇ. ಚೆನ್ನಾಗಿ ಕಲಿತು, ಸಂಬಳ ಕೊಟ್ಟು ಬರೆಸಿ, ವಕೀಲರಿಗೆ ತೋರಿಸಿ ಹೊರಗೆ ಬಿಡುವ ಮಾತು ಇನ್ನೊಂದು ಕಡೆ ಇರಲಿ. ಅಮೆರಿಕದಲ್ಲಿ ಇದಕ್ಕೆ 2010ರಲ್ಲಿ ಕಾನೂನನ್ನೇ ಮಾಡಿದರು. ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳು ಜನರಿಗಾಗಿ ಬರೆಯುವುದನ್ನು ಜನರಿಗೆ ಅರ್ಥವಾಗುವಂತೆ ಬರೆಯಬೇಕು. ಖಾಸಗಿ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ.

ಕಂಪನಿಗಳ ವಿಷಯದಲ್ಲಿ ಪತ್ರಿಕೆಯವರು ಒಂದು ಕೆಲಸ ಮಾಡಬಹುದು. ನಿಮಗೂ ಇಂಥ ಪ್ರಕಟಣೆಗಳು ಬರುತ್ತವೆ. ಅದರಲ್ಲಿನ 'ರೀಸ್ಟ್ರಕ್ಚರಿಂಗ್' ಕೆಲವು ಸಲ ನಿಮ್ಮ ವರದಿಯಲ್ಲಿ 'ಪುನರ್ರಚನೆ' ಆಗಿ ಹಾಗೇ ಅಚ್ಚಾಗುತ್ತದೆ. ಎಷ್ಟು ಜನರ ಕೆಲಸ ಹೋಯಿತು ಅನ್ನುವುದು ಏಳನೇ ಸಾಲಿನಲ್ಲಿ ಇರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಇಂಥದ್ದು ಬಂದಾಗ ನಿಮ್ಮ ವರದಿಗಾರರು ಫೋನ್ ಮಾಡಿ ಎಷ್ಟು ಜನ, ತೀರ್ಮಾನ ಯಾರದು, ಅವರ ಬಾಕಿ ಹಣ ಯಾವ ತಾರೀಕಿಗೆ ಕೊಡುತ್ತೀರಿ ಅಂತ ಕೇಳಲಿ. ಉತ್ತರ ಮೊದಲನೇ ಸಾಲಿಗೆ ಬರಲಿ. 'ಗೋಯಿಂಗ್ ಫಾರ್ವರ್ಡ್' ಅಂತ ಶುರು ಮಾಡಿದರೆ, ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂತಲೇ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ