ಮೊದಲು ಪಾದ ನೋಡು

ಪ್ರೀತಿಯ ರಘು,

ಫ್ರಾನ್ಸಿನ ಕೋಲ್ಮಾರ್‌ನಿಂದ ನಾನು ಒಂದು ಚಿತ್ರದ ಫೋಟೋ ಕಳಿಸಿದಾಗ ನೀನು ಕೇಳಿದ್ದೆ, "ದೇವರನ್ನ ಇಷ್ಟು ಘೋರವಾಗಿ ಯಾರಾದ್ರೂ ಬರೀತಾರಾ?" ಅಂತ. ಕೇಳಿದ್ದು ಸರಿಯೇ. ವಿಗ್ರಹ ಸ್ವಲ್ಪ ಭಿನ್ನವಾದರೂ ಪೂಜೆಗಿಲ್ಲ ಅಂತ ಕೇಳಿ ಬೆಳೆದವರು ನಾವು. ಫೋನಲ್ಲಿ ಹೇಳೋಕೆ ಆಗಲಿಲ್ಲ.

ಆ ಚಿತ್ರ ಗ್ರೂನೆವಾಲ್ಡ್ ಎಂಬ ಜರ್ಮನ್ ಕಲಾವಿದನದು. 1512ರಿಂದ 1516ರ ನಡುವೆ, ತೆರೆದು ಮುಚ್ಚುವ ಮರದ ಹಲಗೆಗಳ ಮೇಲೆ ಬರೆದದ್ದು. ಶಿಲುಬೆಯ ಮೇಲಿನ ಏಸು. ಬೆರಳುಗಳು ಸೆಟೆದುಕೊಂಡಿವೆ, ಮೈ ಹಸಿರುಗಟ್ಟಿದೆ. ಮೈತುಂಬ ಹುಣ್ಣು, ಮುರಿದ ಮುಳ್ಳುಗಳು ಹಾಗೇ ಚರ್ಮದಲ್ಲಿ ಉಳಿದಿವೆ.

ಅದು ಮೊದಲು ಇದ್ದದ್ದು ಈಸೆನ್‌ಹೈಮ್ ಎಂಬಲ್ಲಿನ ಮಠದಲ್ಲಿ. ಅಲ್ಲಿನ ಸನ್ಯಾಸಿಗಳು 'ಸಂತ ಅಂತೋಣಿಯ ಬೆಂಕಿ' ಎಂಬ ರೋಗ ಬಂದವರ ಆರೈಕೆ ಮಾಡುತ್ತಿದ್ದರು. ರೈ ಧಾನ್ಯದ ತೆನೆಗೆ ಹತ್ತುವ ಬೂಷ್ಟಿನಿಂದ ಬರುವ ರೋಗ ಅದು. (ಸಜ್ಜೆ ಬೆಳೆಯುವವರಿಗೆ ಈ ಬೂಷ್ಟಿನ ದಾಯಾದಿ ಗೊತ್ತಿರುತ್ತೆ.) ಆ ಹಿಟ್ಟಿನ ರೊಟ್ಟಿ ತಿಂದವರ ಮೈ ಬೆಂಕಿ ಹತ್ತಿದ ಹಾಗೆ ಉರಿಯುತ್ತಿತ್ತು. ಕೈಕಾಲು ಕಪ್ಪಾಗಿ ಕೊಳೆಯುತ್ತಿದ್ದವು. ಎಷ್ಟೋ ಜನರಿಗೆ ಕತ್ತರಿಸಲೇ ಬೇಕಾಗುತ್ತಿತ್ತು. ಅಂಥವರು ತಲೆಯೆತ್ತಿ ನೋಡಿದರೆ ಎದುರಿಗೆ ತಮ್ಮಂಥದೇ ಹುಣ್ಣಿನ ಮೈಯ ದೇವರು!

ನನಗೆ ಅಪ್ಪ ನೆನಪಾದರು. ಶುಗರ್ ಜಾಸ್ತಿಯಾಗಿ ಮೊಣಕಾಲ ಕೆಳಗೆ ತೆಗೆದರಲ್ಲ, ಆಗ ವಾರ್ಡಿನ ಗೋಡೆ ಮೇಲೆ ವೆಂಕಟರಮಣನ ಕ್ಯಾಲೆಂಡರ್ ಇತ್ತು. ಮೈತುಂಬ ಒಡವೆ, ಹೂವು. ಒಂದು ರಾತ್ರಿ ಡ್ರೆಸಿಂಗ್ ಆದ ಮೇಲೆ ಅಪ್ಪ ಅದನ್ನೇ ನೋಡುತ್ತಾ, "ಅವನಿಗೇನು ಗೊತ್ತು ಕಾಲಿನ ನೋವು" ಅಂದರು. ಜೀವನವಿಡೀ ಶನಿವಾರ ಒಪ್ಪೊತ್ತು ಮಾಡಿದವರು. ನಾನು ಏನೂ ಹೇಳಲಿಲ್ಲ, ಹೊದಿಕೆ ಸರಿಮಾಡಿದೆ.

ಚಿತ್ರದ ಕೆಳಗಿನ ಪಟ್ಟಿಯಲ್ಲಿ ಏಸುವಿನ ಶವ ಮಲಗಿಸಿದ್ದಾರೆ. ಆ ಹಲಗೆ ಎರಡು ತುಂಡು. ಮಠದಲ್ಲಿದ್ದಾಗ ಅದನ್ನು ಸರಿಸಿದರೆ ಕಾಲು ಒಂದು ಕಡೆ, ಮೈ ಒಂದು ಕಡೆ ಆಗುತ್ತಿತ್ತಂತೆ. ಅಲ್ಲಿ ತುಂಬಾ ಹೊತ್ತು ನಿಂತುಬಿಟ್ಟೆ.

ಶಿಲುಬೆಯ ಹಲಗೆಯ ಹಿಂಬದಿಯಲ್ಲಿ ಏಸು ಸಾವಿನಿಂದ ಮತ್ತೆ ಎದ್ದಿದ್ದಾನೆ. ಹುಣ್ಣುಗಳೆಲ್ಲ ಮಾಯ, ಮೈ ಬೆಳಕಿನಂತಿದೆ. ಚೆಂದವಾಗಿದೆ. ಆದರೂ ಹೊರಡುವ ಮುಂಚೆ ನಾನು ವಾಪಸ್ ಹೋಗಿದ್ದು ಶಿಲುಬೆಯ ಹತ್ತಿರಕ್ಕೇ. ಊದಿಕೊಂಡ ಪಾದ, ಎರಡಕ್ಕೂ ಸೇರಿಸಿ ಹೊಡೆದ ಒಂದೇ ಮೊಳೆ, ಬೆರಳ ತುದಿಯಿಂದ ಇಳಿಯುವ ರಕ್ತ. ಅದನ್ನು ಬರೆದವನು ಅಂಥ ಕಾಲುಗಳ ಪಕ್ಕ ಕೂತು ನೋಡಿದ್ದಾನೆ ಅಂತಲೇ ನನಗನಿಸುತ್ತೆ. ಅಪ್ಪನಿಗೆ ಇದನ್ನು ತೋರಿಸಬೇಕಿತ್ತು.

ದೊಡ್ಡ ಫೋಟೋ ಕಳಿಸುತ್ತೇನೆ. ಮುಖ ಆಮೇಲೆ, ಮೊದಲು ಪಾದ ನೋಡು.

ನಿನ್ನ,
ಶ್ರೀಧರ