‘ಮೂರ್ಖತನ’ ಎಂದು ಬರೆಯುವ ಮುನ್ನ

ಸದಸ್ಯರೆಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಈ ಗುಂಪಿನಲ್ಲಿ ಒಬ್ಬರು ಪ್ರವಾಸದ ದಿನಾಂಕ ಬದಲಿಸೋಣವೇ ಎಂದು ಕೇಳಿದರು. ಎರಡೇ ನಿಮಿಷದಲ್ಲಿ ‘ಇದು ಶುದ್ಧ ಮೂರ್ಖತನ’ ಎಂಬ ಉತ್ತರ ಬಂತು. ಆಮೇಲೆ ನಡೆದ ಜಗಳ ನಿಮಗೆ ಗೊತ್ತೇ ಇದೆ. ವಿಚಾರಿಸಿದರೆ, ಉತ್ತರಿಸಿದವರ ಮನಸ್ಸಿನಲ್ಲಿದ್ದದ್ದು ಇಷ್ಟೇ: ಮುಂಗಡ ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಅದನ್ನೇ ಬರೆಯಬಹುದಿತ್ತಲ್ಲ!

ಈ ಒಂದೇ ಪದವನ್ನು ನಾವು ಹತ್ತು ಅರ್ಥಕ್ಕೆ ದುಡಿಸುತ್ತೇವೆ. ತಿಳಿಯದೆ ಮಾಡಿದ್ದು ಅಜ್ಞಾನ. ತಿಳಿದೂ ಯೋಚಿಸದೆ ಮಾಡಿದರೆ ಅವಿವೇಕ. ಬಹಳ ಸಲ ‘ನನಗೆ ಇಷ್ಟವಿಲ್ಲ’ ಎನ್ನಲು ಸಂಕೋಚಪಟ್ಟು ‘ಮೂರ್ಖತನ’ ಎಂದುಬಿಡುತ್ತೇವೆ. ನಾನೂ ಅದಕ್ಕೆ ಹೊರತಲ್ಲ. ಅಂದ ಹಾಗೆ, ‘ಮೂಢ’ ಮತ್ತು ‘ಮುಗ್ಧ’ ಎರಡೂ ಸಂಸ್ಕೃತದ ‘ಮುಹ್’ ಧಾತುವಿನಿಂದಲೇ ಹುಟ್ಟಿದವು. ದಿಕ್ಕು ತೋಚದಂತಾಗುವುದು ಎಂದು ಅದರ ಅರ್ಥ. ಒಂದು ಬೈಗುಳವಾಯಿತು, ಇನ್ನೊಂದನ್ನು ಮಗುವಿನ ನಗುವಿಗೆ ಬಳಸುತ್ತೇವೆ.

ಇನ್ನು ಮುಂದೆ ‘ಮೂರ್ಖತನ’ ಎಂದು ಬರೆಯುವವರು ಜೊತೆಗೇ ಕಾರಣವನ್ನೂ ಬರೆಯಬೇಕು. ಕಾರಣವಿಲ್ಲದ ಸಂದೇಶವನ್ನು ಅಳಿಸುತ್ತೇನೆ. ಪ್ರವಾಸದ ದಿನಾಂಕದ ಬಗ್ಗೆ ನಾಳೆ ಸಂಜೆಯೊಳಗೆ ಅಭಿಪ್ರಾಯ ತಿಳಿಸಿ.